ಕಡಿಮೆ ಖರ್ಚಿನಲ್ಲಿ ವರಮಹಾಲಕ್ಷ್ಮಿ ಹಬ್ಬದ ಅಲಂಕಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರಾವಣ ಹುಣ್ಣಿಮೆಗೆ ಮುಂಚಿನ ಶುಕ್ರವಾರ ವರಮಹಾಲಕ್ಷ್ಮಿ ವ್ರತ. ಹಬ್ಬಕ್ಕೆ ಎರಡು ವಾರ ಇರುವಾಗಲೇ ಅಲಂಕಾರದ ಲೆಕ್ಕಾಚಾರ ಶುರುವಾಗುತ್ತದೆ, ಕೊನೆಯ ಎರಡು ದಿನದಲ್ಲಿ ಆ ಲೆಕ್ಕವೆಲ್ಲ ತಪ್ಪುತ್ತದೆ. ಮನೆಯಲ್ಲಿ ಇರುವುದನ್ನೇ ಬಳಸಿಕೊಂಡು, ಕೊಳ್ಳಲೇಬೇಕಾದ್ದನ್ನು ಮಾತ್ರ ಕೊಂಡು ದೇವಿಯನ್ನು ಚೆಂದವಾಗಿ ಕೂರಿಸುವ ಬಗೆ ಇಲ್ಲಿದೆ. ವ್ರತದ ವಿಧಿಯಲ್ಲಿ ಮನೆಮನೆಗೂ ವ್ಯತ್ಯಾಸ ಇರುವುದರಿಂದ ಅದು ನಿಮ್ಮ ಹಿರಿಯರು ಹೇಳಿದಂತೆಯೇ ನಡೆಯಲಿ. ಇಲ್ಲಿ ಬರೆದಿರುವುದು ಅಲಂಕಾರದ ಕೆಲಸ ಮಾತ್ರ.

ಕೈಯಲ್ಲಿರುವುದು 2000 ರೂಪಾಯಿ. ಯಾವುದಕ್ಕೆ ಎಷ್ಟು ತೆಗೆದಿಡಬೇಕು?

1200 ರೂಪಾಯಿ ಹೂವಿಗೆ, 300 ಬಾಳೆಕಂಬ, ಮಾವಿನೆಲೆ, ವೀಳ್ಯದೆಲೆಗೆ, 200 ರಂಗೋಲಿ ಪುಡಿ, ದಾರ, ಕ್ಲಿಪ್ಪು, ಬತ್ತಿಗೆ. ಉಳಿದ 300ನ್ನು ಮುಟ್ಟಬೇಡಿ, ಗುರುವಾರ ಸಂಜೆ ಏನಾದರೂ ಕಡಿಮೆ ಬಿದ್ದೇ ಬೀಳುತ್ತದೆ. ಬಟ್ಟೆಗೆ, ದೀಪಕ್ಕೆ, ಪೀಠಕ್ಕೆ ಒಂದು ರೂಪಾಯಿಯೂ ಬೇಡ. ಅವು ಮನೆಯಲ್ಲೇ ಇವೆ.

ಬಂದವರ ಕಣ್ಣು ಮೊದಲು ಹೊಸ್ತಿಲನ್ನು ನೋಡುತ್ತದೆ, ಆಮೇಲೆ ದೇವಿಯ ಮುಖವನ್ನು. ಈ ಎರಡು ಕಡೆ ಹೂವು ಧಾರಾಳವಾಗಿರಲಿ. ಪಕ್ಕದ ಗೋಡೆ, ಕಿಟಕಿ, ಸೋಫಾದ ಹಿಂದೆಲ್ಲ ಹೂವು ಹರಡಲು ಹೋದರೆ ಎಲ್ಲ ಕಡೆಯೂ ತೆಳುವಾಗಿ ಕಾಣುತ್ತದೆ. ದುಡ್ಡು ಹೆಚ್ಚು ಸೋರಿಹೋಗುವುದು ಇಲ್ಲಿಯೇ.

ಕಲಶಕ್ಕೆ ಸೀರೆ ಉಡಿಸುವುದು ಹೇಗೆ? ಪ್ರತಿ ಸಲ ಕೆಳಗೆ ಗುಡ್ಡೆಯಾಗುತ್ತದೆ ಅಥವಾ ಮೋಟಾಗುತ್ತದೆ.

ತಪ್ಪು ಉಡಿಸುವುದರಲ್ಲಿಲ್ಲ, ಎತ್ತರದ ಲೆಕ್ಕದಲ್ಲಿದೆ. ಸೀರೆಯ ಅಗಲ ಸಾಮಾನ್ಯವಾಗಿ 45ರಿಂದ 47 ಇಂಚು. ಅದನ್ನು ಉದ್ದಕ್ಕೆ ಎರಡಾಗಿ ಮಡಿಸಿದರೆ 23 ಇಂಚಿನ ಆಸುಪಾಸು ಬರುತ್ತದೆ. ಕಟ್ಟಿಗೆ ಎರಡು ಇಂಚು ಹೋಗುತ್ತದೆ, ಕೆಳಗಿನ ಅಂಚನ್ನು ತುಸು ಇಳಿಬಿಟ್ಟರೆ ಅಷ್ಟೇ ವಾಪಸ್ ಸಿಗುತ್ತದೆ. ಹಾಗಾಗಿ ಮಣೆಯ ಮೇಲ್ಮೈಯಿಂದ ಚೊಂಬಿನ ಕುತ್ತಿಗೆಯವರೆಗೆ 22ರಿಂದ 23 ಇಂಚು ಇರಬೇಕು. 15 ಇಂಚು ಎತ್ತರದ ಅಕ್ಕಿ ಡಬ್ಬ, ಅದರ ಮೇಲೆ ಅಕ್ಕಿ ಹರಡಿದ ತಟ್ಟೆ, ತಟ್ಟೆಯ ಮೇಲೆ ಚೊಂಬು ಇಟ್ಟರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಡಬ್ಬ ಗಿಡ್ಡವಾದರೆ ಸೀರೆಯನ್ನು ಮೂರಾಗಿ ಮಡಿಸಿ, 15 ಇಂಚಿಗೆ ಇಳಿಯುತ್ತದೆ. ಡಬ್ಬದೊಳಗೆ ಅಕ್ಕಿ ತುಂಬಿಯೇ ಇರಲಿ. ಖಾಲಿ ಡಬ್ಬದ ಮೇಲೆ ಭಾರ ಕೂತರೆ, ಮಗುವೊಂದು ಸೆರಗು ಜಗ್ಗಿದರೂ ಎಲ್ಲ ಉರುಳಿಬೀಳುತ್ತದೆ.

ಈಗ ನೆರಿಗೆ. ಸೀರೆಯಲ್ಲಿ ರವಿಕೆ ಕಣ ಇನ್ನೂ ಸೇರಿಕೊಂಡಿದ್ದರೆ ಅದನ್ನು ಒಳಮಡಿಕೆಗೆ ಹಾಕಿ. ಎರಡೂ ಅಂಚು ಕೆಳಗೆ ಬರುವಂತೆ ಸೀರೆಯನ್ನು ಉದ್ದಕ್ಕೆ ಮಡಿಸಿ, ಒಂದು ಅಂಚು ಇನ್ನೊಂದಕ್ಕಿಂತ 4 ಇಂಚು ಮೇಲಿರಲಿ. ಹೀಗೆ ಮಾಡಿದರೆ ಒಂದೇ ಸೀರೆಯಲ್ಲಿ ಎರಡು ಸಾಲು ಅಂಚು ಮೆಟ್ಟಿಲಿನಂತೆ ಕಾಣುತ್ತದೆ. ಸೆರಗಿಗೆ ಒಂದೂಕಾಲು ಮೀಟರ್ ಬಿಟ್ಟು ಉಳಿದದ್ದಕ್ಕೆಲ್ಲ ನೆರಿಗೆ ಹಿಡಿಯಿರಿ. ನೆರಿಗೆಯ ಅಗಲ ನಾಲ್ಕು ಬೆರಳು, ಅಂದರೆ 3 ಇಂಚು. ಐದೂವರೆ ಮೀಟರ್ ಸೀರೆಯಲ್ಲಿ ಸುಮಾರು 28 ನೆರಿಗೆ ಬರುತ್ತದೆ. ಇಪ್ಪತ್ತಕ್ಕೆ ಮುಗಿದುಹೋದರೆ ನೆರಿಗೆ ದಪ್ಪವಾಗಿದೆ ಎಂದರ್ಥ, ಬಿಚ್ಚಿ ಮತ್ತೆ ಹಿಡಿಯಿರಿ. ಪ್ರತಿ ಐದು ನೆರಿಗೆಗೆ ಮೇಲೊಂದು, ಕೆಳಗೊಂದು ಬಟ್ಟೆ ಕ್ಲಿಪ್ಪು ಹಾಕುತ್ತ ಹೋಗಿ. ಹಿಂದಿನ ರಾತ್ರಿ ಈ ಕೆಲಸ ಮುಗಿಸಿ, ಕ್ಲಿಪ್ಪಿನ ಸಮೇತ ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಇಟ್ಟರೆ ಬೆಳಗ್ಗೆಗೆ ಇಸ್ತ್ರಿ ಹಾಕಿದಂತೆ ಕೂತಿರುತ್ತದೆ.

ಮೇಲ್ತುದಿಯಿಂದ ಎರಡು ಇಂಚು ಕೆಳಗೆ ಹತ್ತಿಯ ದಾರದಿಂದ ಬಿಗಿದು, ಆ ದಾರವನ್ನೇ ಚೊಂಬಿನ ಕುತ್ತಿಗೆಗೆ ಕಟ್ಟಿ. ನೆರಿಗೆಯನ್ನು ಮುಂದೆ ಮತ್ತು ಪಕ್ಕಗಳಿಗೆ ಬೀಸಣಿಗೆಯಂತೆ ಬಿಡಿಸಿ. ಹಿಂದೆ ಬೋಳಾಗಿದ್ದರೆ ಚಿಂತೆಯಿಲ್ಲ. ಕ್ಲಿಪ್ಪು ತೆಗೆಯುವುದು ಕೆಳಗಿನಿಂದ ಮೇಲಕ್ಕೆ, ಮೇಲಿನದನ್ನು ಮೊದಲು ತೆಗೆದರೆ ಹಿಡಿದ ನೆರಿಗೆಯೆಲ್ಲ ಜಾರುತ್ತದೆ. ಹೆಗಲಿಗೆ ಒಂದು ಬಟ್ಟೆ ಹ್ಯಾಂಗರನ್ನು ಚೊಂಬಿನ ಹಿಂದೆ ಅಡ್ಡವಾಗಿ ಕಟ್ಟಿ. ಮಕ್ಕಳ ಅಂಗಿಯ ಸಣ್ಣ ಹ್ಯಾಂಗರು ಅಳತೆಗೆ ಸರಿ. ಸೆರಗನ್ನು ದೇವಿಯ ಬಲ ಪಕ್ಕದಿಂದ ಓರೆಯಾಗಿ ತಂದು, ಎಡ ಹೆಗಲ ಮೇಲೆ ಹಾಯಿಸಿ, ಹಿಂದಿನಿಂದ ಸುತ್ತಿಸಿ, ತುದಿಯನ್ನು ಎಡಗಡೆಯಿಂದ ಮುಂದಕ್ಕೆ ಹರಡಿ. ತಟ್ಟೆಯ ಸ್ವಲ್ಪ ಮೇಲೆ ಡಾಬು ಕಟ್ಟಿದರೆ ಸೊಂಟದ ಆಕಾರ ಬರುತ್ತದೆ. ಡಾಬು ಇಲ್ಲದಿದ್ದರೆ ಹಳೆಯ ಸೀರೆಯಿಂದ ಬಿಚ್ಚಿದ ಜರಿ ಅಂಚೇ ಸಾಕು.

ರೇಷ್ಮೆ ಸೀರೆ ಹಾಳಾಗುವುದಿಲ್ಲವೇ?

ಮೂರು ಕಾರಣಕ್ಕೆ ಹಾಳಾಗುತ್ತದೆ: ಪಿನ್ನು, ಅರಿಶಿನ, ಎಣ್ಣೆ. ಜರಿಯ ಮೇಲೆ ಪಿನ್ನು ಚುಚ್ಚಿದರೆ ಎಳೆ ತುಂಡಾಗಿ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ. ಚುಚ್ಚಲೇಬೇಕಾದರೆ ಕಾಣದ ಹಿಂಬದಿಯಲ್ಲಿ, ಜರಿಯಿಲ್ಲದ ಒಡಲಿನಲ್ಲಿ ಚುಚ್ಚಿ. ಒದ್ದೆ ಅರಿಶಿನದ ಕಲೆ ರೇಷ್ಮೆಯಿಂದ ಸುಲಭಕ್ಕೆ ಹೋಗುವುದಿಲ್ಲ. ಆದ್ದರಿಂದ ತೆಂಗಿನಕಾಯಿಗೆ ಅರಿಶಿನ ಬಳಿದ ಮೇಲೆ ಕನಿಷ್ಠ ಎರಡು ಗಂಟೆ ಒಣಗಲು ಬಿಡಿ. ಕಾಯಿಯ ಕೆಳಗೆ ಚೊಂಬಿನ ಬಾಯಿ ಸುತ್ತ ಇಡುವ ಐದು ವೀಳ್ಯದೆಲೆ ಅಥವಾ ಮಾವಿನೆಲೆಯನ್ನೂ ಒರೆಸಿ ಇಡಿ, ಎಲೆಯಿಂದ ಇಳಿದ ನೀರು ನೇರವಾಗಿ ಸೀರೆಗೇ ಹೋಗುತ್ತದೆ. ದೇವಿಗೆ ಹೊಸ ಸೀರೆಯೇ ಆಗಬೇಕೆಂಬುದು ನಿಮ್ಮ ಮನೆಯ ಪದ್ಧತಿಯಾದರೆ, ಹಗುರವಾದ ಮೈಸೂರು ಕ್ರೇಪ್ ಅಥವಾ ಹತ್ತಿ ಬೆರೆತ ರೇಷ್ಮೆ ತನ್ನಿ. ಭಾರಿ ಜರಿಯ ಸೀರೆಗಿಂತ ಅವು ಸಣ್ಣ ಕಲಶಕ್ಕೆ ಚೆನ್ನಾಗಿ ಕೂರುತ್ತವೆ. ಗಟ್ಟಿ ಜರಿಯ ಅಗಲ ಅಂಚು 3 ಇಂಚಿನ ನೆರಿಗೆಗೆ ಬಗ್ಗುವುದಿಲ್ಲ.

ಕಾಯಿ ಜಾರುತ್ತದೆ, ದೇವಿಯ ಮುಖ ಒಂದು ಕಡೆಗೆ ವಾಲುತ್ತದೆ. ಏನು ಮಾಡುವುದು?

ಅಂಗಡಿಗೆ ಹೋಗುವಾಗ ಚೊಂಬಿನ ಬಾಯಿಯ ಅಳತೆಯನ್ನು ಒಂದು ದಾರದಲ್ಲಿ ಹಿಡಿದು ಒಯ್ಯಿರಿ. ಕಾಯಿಯ ಮೂರನೆಯ ಒಂದು ಭಾಗ ಚೊಂಬಿನೊಳಗೆ ಇಳಿಯಬೇಕು. ಪೂರ್ತಿ ಮೇಲೆಯೇ ನಿಂತರೆ ಉರುಳುತ್ತದೆ, ಹೆಚ್ಚು ಇಳಿದರೆ ಮುಖ ಕೂರಿಸಲು ಜಾಗ ಉಳಿಯುವುದಿಲ್ಲ. ಕಾಯಿಯನ್ನು ನುಣ್ಣಗೆ ಹೆರೆಸಬೇಡಿ. ಜುಟ್ಟಿನ ಜೊತೆಗೆ ಹಿಂಬದಿಯ ನಾರು ಸ್ವಲ್ಪ ಉಳಿದಿದ್ದರೆ ಮುಖವಾಡದ ದಾರ ಅಲ್ಲಿ ಸಿಕ್ಕಿಕೊಂಡು ಜಾರದೆ ನಿಲ್ಲುತ್ತದೆ. ನೈಲಾನ್ ದಾರ ನುಣುಪು, ಹತ್ತಿಯ ದಾರವನ್ನು ಒದ್ದೆ ಮಾಡಿ ಕಟ್ಟಿದರೆ ಗಂಟು ಬಿಗಿಯಾಗಿರುತ್ತದೆ.

ಚೊಂಬಿಗೆ ಅಕ್ಕಿ ತುಂಬುವ ಸಂಪ್ರದಾಯವಿರುವವರಿಗೆ ತೊಂದರೆ ಕಡಿಮೆ, ತಳ ಭಾರವಾಗಿರುತ್ತದೆ. ನೀರು ತುಂಬುವವರು ಮುಕ್ಕಾಲು ಮಾತ್ರ ತುಂಬಿ. ಕಂಠದವರೆಗೆ ತುಂಬಿ ಕಾಯಿ ಇಟ್ಟರೆ ಉಕ್ಕಿದ ನೀರು ಅರಿಶಿನದ ಸಮೇತ ಕೆಳಗಿಳಿಯುತ್ತದೆ. ಕಲಶ ಪ್ರತಿಷ್ಠೆಯಾದ ಮೇಲೆ ವಿಸರ್ಜನೆಯವರೆಗೆ ಕದಲಿಸುವಂತಿಲ್ಲ. ಹಾಗಾಗಿ ಹಿಂದಿನ ದಿನವೇ ಖಾಲಿ ಕಾಯಿ, ಮುಖವಾಡ ಇಟ್ಟು ಒಮ್ಮೆ ನೋಡಿಕೊಳ್ಳಿ. ಬಾಗಿಲಲ್ಲಿ ನಿಂತು ನೋಡಿದಾಗ ಮುಖ ನೆಲ ನೋಡುತ್ತಿದ್ದರೆ ಕಾಯಿಯ ಮುಂಭಾಗಕ್ಕೆ ಮಡಿಸಿದ ವೀಳ್ಯದೆಲೆಯೊಂದನ್ನು ಒತ್ತುಕೊಡಿ.

ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಹಿಂದಿನ ಪರದೆ ಹೇಗೆ ಕಟ್ಟಲಿ?

ಕಿಟಕಿಯ ಮುಂದೆ ದೇವಿಯನ್ನು ಕೂರಿಸಬಹುದಾದರೆ ಪರದೆಯ ಸರಳೇ ಸಾಕು. ಇಲ್ಲದಿದ್ದರೆ ಪಿವಿಸಿ ಪೈಪಿನ ಚೌಕಟ್ಟು ಮಾಡಿ. ಒಮ್ಮೆ ಮಾಡಿದರೆ ಬಹಳ ವರ್ಷ ಬರುತ್ತದೆ. ಒಂದು ಇಂಚಿನ, 10 ಅಡಿ ಉದ್ದದ ಪೈಪು ಮೂರು, ಟೀ (ಮೂರು ಬಾಯಿಯ ಜೋಡಣೆ) ಎರಡು, ಎಲ್ಬೋ (ಮೂಲೆಯ ಜೋಡಣೆ) ಎರಡು ಬೇಕು. ಎರಡು ಪೈಪನ್ನು ತಲಾ 6 ಅಡಿಯ ಒಂದು ಕಂಬ, ಒಂದೂವರೆ ಅಡಿಯ ಎರಡು ಪಾದವಾಗಿ ಕತ್ತರಿಸಿ. ಮೂರನೆಯದರಲ್ಲಿ 5 ಅಡಿಯ ಅಡ್ಡಪಟ್ಟಿ ತೆಗೆಯಿರಿ. ಪಾದಗಳು ಹಿಂದಕ್ಕೂ ಮುಂದಕ್ಕೂ ಚಾಚುವಂತೆ ಟೀಯ ಎರಡು ಬದಿಗೆ, ಕಂಬ ಅದರ ನಡುವೆ, ಮೇಲೆ ಎಲ್ಬೋ, ಎಲ್ಬೋಗಳ ನಡುವೆ ಅಡ್ಡಪಟ್ಟಿ. ಪೈಪಿನ ಅಂಟು ಹಾಕಬೇಡಿ, ಒತ್ತಿ ಕೂರಿಸಿದರೆ ಸಾಕು, ಹಬ್ಬ ಮುಗಿದ ಮೇಲೆ ಬಿಚ್ಚಿ ಅಟ್ಟಕ್ಕೆ ಹಾಕಬಹುದು. ಮುಕ್ಕಾಲು ಇಂಚಿನ ಪೈಪು ಅಗ್ಗವೆಂದು ತಂದರೆ ಸೀರೆಯ ಭಾರಕ್ಕೆ ನಡುವೆ ಬಾಗುತ್ತದೆ. ಈ ಚೌಕಟ್ಟು ಹಿಂದೆ ಮುಂದೆ ಬೀಳುವುದಿಲ್ಲ, ಪಕ್ಕಕ್ಕೆ ಮಾತ್ರ ಓಲಾಡುತ್ತದೆ. ಪಾದಗಳ ಮೇಲೆ ಮರಳಿನ ಚೀಲವೋ ಪುಸ್ತಕದ ಕಟ್ಟೋ ಇಟ್ಟು, ಮೇಲಿನ ಒಂದು ಮೂಲೆಯನ್ನು ಕಿಟಕಿ ಸರಳಿಗೆ ದಾರದಿಂದ ಬಿಗಿಯಿರಿ.

ಪರದೆಗೆ ಒಂದೇ ಬಣ್ಣದ ಹಳೆಯ ಸೀರೆ ಅಥವಾ ಬಿಳಿ ಪಂಚೆ ಸೊಗಸು. ದೇವಿಯ ಸೀರೆ ಕೆಂಪಾದರೆ ಪರದೆ ಹಸಿರು ಅಥವಾ ಕೆನೆಬಣ್ಣ ಇರಲಿ. ಹಿಂದೆಯೂ ಮುಂದೆಯೂ ಜರಿಯ ಬುಟ್ಟಾ ಇದ್ದರೆ ದೇವಿ ಅದರಲ್ಲೇ ಕರಗಿಹೋಗುತ್ತಾಳೆ. ಗೋಡೆಗೆ ಅಂಟಿಸುವ ಕೊಕ್ಕೆಗಳನ್ನು ಸುಣ್ಣದ ಗೋಡೆಗೆ ನಂಬಬೇಡಿ. ಮಳೆಗಾಲದ ತೇವಕ್ಕೆ ಅವು ಸುಣ್ಣದ ಪದರದ ಸಮೇತ ಕಿತ್ತು ಬರುತ್ತವೆ. ಟೈಲ್ಸ್ ಅಥವಾ ಗಾಜಿನ ಮೇಲೆ ಗಟ್ಟಿಯಾಗಿ ನಿಲ್ಲುತ್ತವೆ.

ಬಾಳೆಕಂಬವನ್ನು ಫ್ಲ್ಯಾಟಿನಲ್ಲಿ ನಿಲ್ಲಿಸುವುದು ಹೇಗೆ?

ದೊಡ್ಡ ಕಂಬ ಬೇಡ, 3ರಿಂದ 4 ಅಡಿಯ ಎಳೆ ಕಂದು ಒಂದು ಜೊತೆ ತನ್ನಿ. ಬಕೆಟ್ಟಿಗೆ ಒದ್ದೆ ಮರಳು ತುಂಬಿ ನೆಟ್ಟರೆ ನೇರವಾಗಿ ನಿಲ್ಲುತ್ತದೆ, ಎಲೆಯೂ ಬಾಡುವುದಿಲ್ಲ. ಬಕೆಟ್ಟಿಗೆ ರವಿಕೆ ಕಣ ಸುತ್ತಿ.

ಎಚ್ಚರ ಬೇಕಾದದ್ದು ಬಾಳೆಯ ಸೊನೆಯ ಬಗ್ಗೆ. ಕತ್ತರಿಸಿದ ಜಾಗದಿಂದ ತಿಳಿಯಾಗಿ ಜಿನುಗಿ, ಬಟ್ಟೆಗೆ ತಾಗಿ ಒಣಗಿದ ಮೇಲೆ ಕಂದು ಕಲೆಯಾಗುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಕತ್ತರಿಸಿದ ತುದಿಗೆ ಹಳೆಯ ಪತ್ರಿಕೆ ಸುತ್ತಿ ದಾರ ಕಟ್ಟಿ. ಪರದೆಯಿಂದ ಅರ್ಧ ಅಡಿ ದೂರವಿಡಿ. ಕಂಬವನ್ನು ಮನೆಗೆ ತರುವಾಗಲೂ ಹಳೆಯ ಬಟ್ಟೆಯನ್ನೇ ಹಾಕಿಕೊಳ್ಳಿ.

ಮಾವಿನ ತೋರಣ ಸಂಜೆಗೇ ಸುರುಟಿಕೊಳ್ಳುತ್ತದೆ. ಯಾಕೆ?

ಎಳೆ ಎಲೆ ತಂದಿರುತ್ತೀರಿ. ತಾಮ್ರಬಣ್ಣ ಪೂರ್ತಿ ಹೋಗಿ, ಮುಟ್ಟಿದರೆ ತೊಗಲಿನಂತೆ ಗಟ್ಟಿಯಾದ ಕಡುಹಸಿರು ಎಲೆಯೇ ಬೇಕು. ಅದು ಮೂರು ನಾಲ್ಕು ದಿನ ಬಣ್ಣ ಬಿಡುವುದಿಲ್ಲ. ಮರದಿಂದ ಕಿತ್ತ ಗೊಂಚಲನ್ನು ಮೊದಲು ಹೊರಗೆ ಚೆನ್ನಾಗಿ ಕೊಡವಿ, ಕೆಂಪಿರುವೆ ಇರುತ್ತವೆ. ತೊಳೆದು ಒರೆಸಿ. ಎಲೆಯ ತುದಿಯನ್ನು ದಾರದ ಮೇಲಿಂದ ಹಿಂದಕ್ಕೆ ಮಡಿಸಿ, ತೆಂಗಿನಗರಿಯ ಕಡ್ಡಿಯ ತುಂಡಿನಿಂದ ಹೊಲಿದಂತೆ ಚುಚ್ಚಿ. ಸ್ಟೇಪ್ಲರ್ ಹಾಕಿದರೆ ಬೇಗ ಆಗುತ್ತದೆ ನಿಜ, ಆದರೆ ಆ ತಂತಿ ಕಸದೊಂದಿಗೆ ಸೇರಿ ದನದ ಹೊಟ್ಟೆಗೆ ಹೋಗುತ್ತದೆ. ದಯವಿಟ್ಟು ಬೇಡ. 3 ಅಡಿ ಬಾಗಿಲಿಗೆ ಎರಡೆರಡು ಇಂಚಿಗೊಂದರಂತೆ 19 ಅಥವಾ 21 ಎಲೆ ಸಾಕು. ಎರಡು ಮೂರು ಹರಿದುಹೋಗುತ್ತವೆ, 25 ಎಲೆ ತಂದಿಡಿ.

ಹೂವು ಎಷ್ಟು ಬೇಕು? ಯಾವಾಗ ಕೊಳ್ಳಬೇಕು?

ಒಂದು ಮೊಳ ಎಂದರೆ ಸುಮಾರು ಒಂದೂವರೆ ಅಡಿ, ಒಂದು ಮಾರು ಎಂದರೆ ಸುಮಾರು ನಾಲ್ಕು ಮೊಳ. ಮಾರುವವರ ಕೈ ಗಿಡ್ಡವಾದರೆ ಮೊಳವೂ ಗಿಡ್ಡ, ಆದ್ದರಿಂದ ಮನೆಯಿಂದಲೇ ಅಡಿ ಲೆಕ್ಕ ಬರೆದುಕೊಂಡು ಹೋಗಿ. ಬಾಗಿಲಿನ ಮೇಲ್ಭಾಗ 3 ಅಡಿ, ಎರಡೂ ಪಕ್ಕ ಮೂರೂವರೆ ಅಡಿಯವರೆಗೆ ಇಳಿಬಿಟ್ಟರೆ ಒಟ್ಟು 10 ಅಡಿ. ಚೆಂಡುಹೂವನ್ನು ಒತ್ತಾಗಿ ಪೋಣಿಸಿದರೆ ಅಡಿಗೆ 8ರಿಂದ 10 ಹೂ ಹಿಡಿಯುತ್ತದೆ, ಅಂದರೆ ಈ ಬಾಗಿಲಿಗೆ ಸುಮಾರು ನೂರು. ಗಾತ್ರ ನೋಡಿ ಒಂದು ಕೆ.ಜಿ.ಗೆ 100ರಿಂದ 150 ಹೂ ಬರುತ್ತದೆ. ಮೂರು ಹೂವಿಗೊಂದು ಸುರುಳಿ ಸುತ್ತಿದ ಮಾವಿನೆಲೆ ಸೇರಿಸಿ ಪೋಣಿಸಿದರೆ ಹೂವಿನ ಖರ್ಚು ಸುಮಾರು ಕಾಲು ಭಾಗ ಇಳಿಯುತ್ತದೆ. ಹಳದಿಯ ನಡುವೆ ಹಸಿರು ಬಂದು ನೋಡಲೂ ಹೆಚ್ಚು ಚೆನ್ನ.

ಕಟ್ಟಿದ ಹಾರಕ್ಕಿಂತ ಬಿಡಿಹೂ ಯಾವಾಗಲೂ ಅಗ್ಗ. ದಪ್ಪ ಸೂಜಿ, ಎರಡೆಳೆ ದಾರ ಇದ್ದರೆ ಇಬ್ಬರು ಕೂತು ಒಂದು ಗಂಟೆಯಲ್ಲಿ ಇಡೀ ಬಾಗಿಲಿನ ಹಾರ ಪೋಣಿಸಬಹುದು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಾಗಲಿ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಾಗಲಿ ಹಬ್ಬದ ಹಿಂದಿನ ಎರಡು ದಿನ ಬೆಲೆ ಗಂಟೆಗೊಂದು ಥರ ಏರುತ್ತದೆ. ಚೆಂಡುಹೂ, ಸೇವಂತಿಗೆ ತಡೆದುಕೊಳ್ಳುವ ಹೂಗಳು, ಮಂಗಳವಾರವೇ ತಂದಿಡಿ. ಕನಕಾಂಬರವನ್ನು ಬುಧವಾರ ಕೊಳ್ಳಬಹುದು. ಮಲ್ಲಿಗೆ, ತಾವರೆಯನ್ನು ಮಾತ್ರ ಗುರುವಾರಕ್ಕೆ ಉಳಿಸಿಕೊಳ್ಳಿ, ಅದೂ ಮೊಗ್ಗೇ ಆಗಲಿ. ಮಲ್ಲಿಗೆ ದುಬಾರಿಯಾದರೆ ದೇವಿಯ ಮುಡಿಗೆ ಒಂದು ಮೊಳ ಇಟ್ಟು, ಮಂಟಪಕ್ಕೆಲ್ಲ ಕಾಕಡ ಹಾಕಿ. ದೂರದಿಂದ ಬಿಳುಪು ಒಂದೇ, ಪರಿಮಳವನ್ನು ಆ ಒಂದು ಮೊಳವೇ ಕೊಡುತ್ತದೆ.

ಮೂರು ದಿನ ಮುಂಚೆ ತಂದ ಹೂವು ಕೊಳೆಯುವುದಿಲ್ಲವೇ?

ಒದ್ದೆಯಾಗಿಟ್ಟರೆ ಖಂಡಿತ ಕೊಳೆಯುತ್ತದೆ. ಚೆಂಡುಹೂವಿನ ಬುಡದ ಹಸಿರು ತೊಟ್ಟಿನಲ್ಲಿ ನೀರು ನಿಂತು, ಅಲ್ಲಿಂದ ಕಪ್ಪಾಗುತ್ತ ಬರುತ್ತದೆ. ತಂದ ಕೂಡಲೇ ಪ್ಲಾಸ್ಟಿಕ್ ಚೀಲದಿಂದ ತೆಗೆದು, ಪತ್ರಿಕೆಯ ಮೇಲೆ ಒಂದೇ ಪದರವಾಗಿ ಹರಡಿ ಫ್ಯಾನ್ ಕೆಳಗೆ ಒಂದು ಗಂಟೆ ಬಿಡಿ. ನಂತರ ರಟ್ಟಿನ ಪೆಟ್ಟಿಗೆಯಲ್ಲಿ ಪತ್ರಿಕೆ, ಹೂವು, ಪತ್ರಿಕೆ ಹೀಗೆ ಇಟ್ಟು ತಂಪಾದ ಮೂಲೆಯಲ್ಲೋ ಫ್ರಿಜ್ಜಿನ ಕೆಳಗಿನ ಅರೆಯಲ್ಲೋ ಇಡಿ. ಕೊಳ್ಳುವಾಗಲೇ ಹೂವನ್ನು ತಿರುಗಿಸಿ ತೊಟ್ಟು ನೋಡಿ, ಮಳೆಯಲ್ಲಿ ನೆಂದ ಹೂ ಎಷ್ಟು ಅಗ್ಗವಾದರೂ ಬೇಡ.

ಮಲ್ಲಿಗೆಗೆ ಇದರ ತದ್ವಿರುದ್ಧ, ಅದಕ್ಕೆ ತೇವ ಬೇಕು. ಬಾಳೆಎಲೆಯಲ್ಲಿ ಸುತ್ತಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಮತ್ತೆ ಸುತ್ತಿ, ಸ್ಟೀಲ್ ಡಬ್ಬದಲ್ಲಿ ಮುಚ್ಚಿಡಿ. ತಾವರೆಯ ದಂಟು ನೀರಿನಲ್ಲಿರಲಿ, ದಳಗಳನ್ನು ಹೊರಕ್ಕೆ ಮಡಿಸುವುದು ಪೂಜೆಗೆ ಅರ್ಧ ಗಂಟೆ ಇರುವಾಗ. ಮಡಿಸಿದ ಗೆರೆಯಲ್ಲೇ ಸಂಜೆಗೆ ಕಂದುಬಣ್ಣ ಬರುತ್ತದೆ.

ಪ್ಲಾಸ್ಟಿಕ್ ಹೂ, ಥರ್ಮಾಕೋಲ್ ಮಂಟಪ ತಂದರೆ ಉಳಿತಾಯವಲ್ಲವೇ?

ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿದೆ. ಸುಲಭವಾಗಿ ಹೊತ್ತಿಕೊಳ್ಳುವ ವಸ್ತು ಅದು, ದೀಪದ ಪಕ್ಕಕ್ಕೆ ತರುವಂಥದ್ದೇ ಅಲ್ಲ. ಮೆಟ್ಟಿಲು ಬೇಕಾದರೆ ಡಬ್ಬಗಳ ಮೇಲೆ ಹಲಗೆ ಇಟ್ಟು ಪಂಚೆ ಹಾಸಿ. ಬಟ್ಟೆಯ ಹೂವಿನ ಮಾಲೆ ಮನೆಯಲ್ಲಿದ್ದರೆ ಮೇಲೆ, ಕೈಗೆಟುಕದ ಎತ್ತರದಲ್ಲಿ ಕಟ್ಟಿ, ಕಣ್ಣಿನ ಮಟ್ಟದಲ್ಲಿ ನಿಜವಾದ ಹೂ ಇರಲಿ. ಈ ಬೆರಕೆ ಯಾರಿಗೂ ತಿಳಿಯುವುದಿಲ್ಲ.

ದೀಪ, ಸೀರಿಯಲ್ ಸೆಟ್ ಹೇಗೆ ಜೋಡಿಸಬೇಕು?

ಎಣ್ಣೆದೀಪಕ್ಕೂ ಯಾವುದೇ ಬಟ್ಟೆಗೂ ಕನಿಷ್ಠ ಒಂದೂವರೆ ಅಡಿ ಅಂತರವಿರಲಿ. ದೇವಿಯ ಸೆರಗು, ಪರದೆಯ ತುದಿ, ಬಾಳೆಲೆಯ ಒಣಗಿದ ಚೂರು, ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಪರದೆ ಪಾಲಿಯೆಸ್ಟರ್ ಆದರೆ ಇನ್ನೂ ದೂರ ಇಡಿ, ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ದೀಪದ ಕಂಬವನ್ನು ಅಕ್ಕಿ ಹರಡಿದ ಅಗಲ ತಟ್ಟೆಯಲ್ಲಿಡಿ, ಎಣ್ಣೆ ಚೆಲ್ಲಿದರೂ ನೆಲಕ್ಕೆ ಇಳಿಯುವುದಿಲ್ಲ. ಸಂಜೆ ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದು ಬಗ್ಗಿ ನಮಸ್ಕರಿಸುವಾಗ ಅವರ ಸೆರಗೂ ಜಡೆಯೂ ದೀಪದ ಕಡೆಗೇ ಬರುತ್ತವೆ. ಹಾಗಾಗಿ ದೀಪಗಳು ಮುಂದೆ ನಡುವಿನಲ್ಲಿ ಬೇಡ, ಎರಡು ಪಕ್ಕದಲ್ಲಿರಲಿ.

ಸೀರಿಯಲ್ ಸೆಟ್ಟನ್ನು ಪರದೆಯ ಹಿಂದೆ ಬಿಟ್ಟರೆ ಬೆಳಕು ಹದವಾಗಿ ಸೋಸಿ ಬರುತ್ತದೆ. ಹಳದಿ ಬೆಳಕಿನ ಎಲ್‌ಇಡಿ ಒಂದೇ ಸೆಟ್ ಸಾಕು. ಮಿನುಗುವ ಬಣ್ಣದ ದೀಪ ದೇವಿಯ ಮುಖದ ಮೇಲೆ ನೆರಳು ಕುಣಿಸುತ್ತದೆ. ಒಂದಕ್ಕೊಂದು ಸೆಟ್ ಸಿಕ್ಕಿಸುತ್ತ ಹೋಗಬೇಡಿ, ಜೋಡಣೆಯ ಜಾಗದಲ್ಲಿ ವೈರು ಬಿಸಿಯಾಗುತ್ತದೆ. ಮಲಗುವ ಮುಂಚೆ ಪ್ಲಗ್ ತೆಗೆಯಿರಿ.

ಟೈಲ್ಸ್ ಮೇಲೆ ರಂಗೋಲಿ ನಿಲ್ಲುವುದಿಲ್ಲ.

ನುಣುಪು ನೆಲದಲ್ಲಿ ಪುಡಿಗೆ ಹಿಡಿತವಿಲ್ಲ, ಬಾಗಿಲು ತೆರೆದ ಗಾಳಿಗೇ ಸರಿದುಹೋಗುತ್ತದೆ. ಅಲ್ಲಿ ಅಕ್ಕಿಹಿಟ್ಟಿನ ನೀರಿನ ರಂಗೋಲಿಯೇ ಸರಿ. ಅರ್ಧ ಬಟ್ಟಲು ಅಕ್ಕಿಯನ್ನು ಎರಡು ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ಗಟ್ಟಿ ಹಾಲಿನ ಹದಕ್ಕೆ ನೀರು ಬೆರೆಸಿ. ಸಣ್ಣ ಬಟ್ಟೆಯ ಚೂರನ್ನು ಅದರಲ್ಲಿ ಅದ್ದಿ ಅಂಗೈಯಲ್ಲಿ ಹಿಡಿದು, ಉಂಗುರ ಬೆರಳಿನ ಮೂಲಕ ಇಳಿಯುವಂತೆ ಮೆಲ್ಲಗೆ ಹಿಂಡುತ್ತ ಎಳೆಯಿರಿ. ಬರೆಯುವಾಗ ಮಾಸಲಾಗಿ ಕಾಣುತ್ತದೆ, ಗಾಬರಿ ಬೇಡ, ಒಣಗಿದಂತೆ ಬೆಳ್ಳಗಾಗುತ್ತದೆ. ಮಳೆಗಾಲವಾದ್ದರಿಂದ ಅರ್ಧ ಗಂಟೆ ಯಾರೂ ತುಳಿಯದಂತೆ ನೋಡಿಕೊಳ್ಳಿ. ಬೆರಳು ಪಳಗದವರು ಏಳು ಚುಕ್ಕಿಯಿಂದ ಒಂದಕ್ಕೆ ಇಳಿಯುವ ಸಣ್ಣ ರಂಗೋಲಿ ಹಾಕಿ, ಸುತ್ತ ಎರಡೆಳೆ ಗೆರೆ ಎಳೆದರೆ ಅದೇ ತುಂಬಿದಂತಿರುತ್ತದೆ.

ಬಣ್ಣದ ಪುಡಿ ಹೆಚ್ಚಾಗಲಿ ಎಂದು ಉಪ್ಪು ಬೆರೆಸುವವರಿದ್ದಾರೆ. ಶ್ರಾವಣದ ಗಾಳಿಯಲ್ಲಿ ಉಪ್ಪು ನೀರೊಡೆದು ಬಣ್ಣ ಹರಡುತ್ತದೆ. ಅದರ ಬದಲು ಒಂದು ಪಾಲು ಬಣ್ಣಕ್ಕೆ ಮೂರು ಪಾಲು ಬಿಳಿ ರಂಗೋಲಿ ಪುಡಿ ಬೆರೆಸಿ.

ದೇವಿಗೆ ನೋಟಿನ ಹಾರ ಹಾಕಬಹುದೇ?

ನೋಟುಗಳನ್ನು ಹಾರ ಮಾಡಲು, ಪೂಜಾಸ್ಥಳ ಅಲಂಕರಿಸಲು ಬಳಸಬೇಡಿ ಎಂದು ರಿಸರ್ವ್ ಬ್ಯಾಂಕ್ ಕೇಳಿಕೊಂಡಿದೆ. ಧನಲಕ್ಷ್ಮಿಯ ಮುಂದೆ ಹಣ ಇಡುವ ರೂಢಿ ನಿಮ್ಮದಾದರೆ, ಬೆಳ್ಳಿ ಬಟ್ಟಲಲ್ಲೋ ಹಿತ್ತಾಳೆ ತಟ್ಟೆಯಲ್ಲೋ ನಾಣ್ಯ ತುಂಬಿಡಿ. ತೊಳೆದು ಒರೆಸಿದ ನಾಣ್ಯ ದೀಪದ ಬೆಳಕಿಗೆ ಹೊಳೆಯುವ ಚೆಂದ ನೋಟಿಗೆ ಬರುವುದಿಲ್ಲ.

ಬೆಳ್ಳಿ ಮುಖವಾಡ ಕಪ್ಪಾಗಿದೆ. ಮನೆಯಲ್ಲೇ ಬೆಳಗುವುದು ಹೇಗೆ?

ವಿಭೂತಿಯನ್ನು ಒಣ ಹತ್ತಿಯಲ್ಲಿ ತೆಗೆದುಕೊಂಡು ಮೆತ್ತಗೆ ಉಜ್ಜಿ. ಹುಣಸೆಹಣ್ಣು ಹಿತ್ತಾಳೆ, ತಾಮ್ರಕ್ಕೆ ಮಾತ್ರ. ಬಣ್ಣದಲ್ಲಿ ಬರೆದ ಕಣ್ಣು, ತುಟಿ ಇದ್ದರೆ ಆ ಜಾಗ ಬಿಟ್ಟು ಉಜ್ಜಿ. ತೊಳೆದರೆ ಒಂದು ಹನಿ ನೀರೂ ಉಳಿಯದಂತೆ ಒರೆಸಿ.

ಹಬ್ಬ ಮುಗಿದ ಮೇಲೆ ಏನೇನು ಎತ್ತಿಡಬಹುದು?

ಗಣೇಶ ಚೌತಿ ಸುಮಾರು ಮೂರು ವಾರದಲ್ಲೇ ಬರುತ್ತದೆ. ಪೈಪಿನ ಚೌಕಟ್ಟು, ಪರದೆ, ಸೀರಿಯಲ್ ಸೆಟ್, ಕ್ಲಿಪ್ಪು ಒಂದೇ ಚೀಲದಲ್ಲಿರಲಿ, ಗೌರಿಗೂ ಅದೇ ಆಗುತ್ತದೆ. ವಿಸರ್ಜನೆಯಾದ ಮೇಲೆ ಕಲಶದ ಅಕ್ಕಿಯನ್ನು ಅನ್ನಕ್ಕೋ ಪಾಯಸಕ್ಕೋ ಬಳಸಿ. ಚೆಂಡುಹೂ ಒಣಗಿಸಿ ದಳ ಬಿಡಿಸಿದರೆ ಬುಡದಲ್ಲಿ ಕಪ್ಪು ಕಡ್ಡಿಯಂಥ ಬೀಜ ಸಿಗಬಹುದು, ಕುಂಡದಲ್ಲಿ ಹಾಕಿ ನೋಡಿ. ಉಳಿದ ನಿರ್ಮಾಲ್ಯವನ್ನು ದಾರ ಬಿಡಿಸಿ ಗಿಡದ ಬುಡಕ್ಕೆ ಹಾಕಿ. ಬಾಳೆಕಂದನ್ನು ತುಂಡು ಮಾಡಿದರೆ ಬೇಗ ಗೊಬ್ಬರವಾಗುತ್ತದೆ. ದೇವಿಗೆ ಉಡಿಸಿದ ಸೀರೆಯನ್ನು ಅಂದೇ ಬೀರುವಿಗೆ ಹಾಕಬೇಡಿ. ನೆರಳಲ್ಲಿ ಒಂದು ದಿನ ಹರವಿ, ಧೂಪದ ವಾಸನೆ, ತೇವ ಹೋದ ಮೇಲೆ ಹಳೆಯ ಮಡಿಕೆ ಬಿಟ್ಟು ಬೇರೆ ಗೆರೆಯಲ್ಲಿ ಮಡಿಸಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.